ಎಕ್ಸೆಲ್‌ಗೆ ಊಹೆ ಮಾಡಲು ಬಿಡಬೇಡಿ

(ಮೈಸೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಪ್ರೋಗ್ರಾಮರ್‌ಗಳ ಕೂಟವೊಂದರಲ್ಲಿ ಆಡಿದ ಮಾತು. ರೆಕಾರ್ಡಿಂಗ್ ಕೇಳಿ ಬರೆದು, ಸ್ವಲ್ಪ ತಿದ್ದಿದ್ದು.)

ವೆಬ್ ಅಪ್ಲಿಕೇಶನ್ ಮಾಡಿಸುವವರು ಯಾರೇ ಆಗಿರಲಿ, ಡೆಮೊ ಮುಗಿದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಇದು ಎಕ್ಸೆಲ್‌ನಲ್ಲಿ ಸಿಗುತ್ತಾ?" ನೀವು ಗ್ರಾಫ್ ಹಾಕಿರುತ್ತೀರಿ, ಬಣ್ಣಬಣ್ಣದ ಡ್ಯಾಶ್‌ಬೋರ್ಡ್ ಮಾಡಿರುತ್ತೀರಿ. ಅದನ್ನೆಲ್ಲ ನೋಡಿ ಚೆನ್ನಾಗಿದೆ ಅನ್ನುತ್ತಾರೆ, ಆಮೇಲೆ ಎಕ್ಸೆಲ್ ಕೇಳುತ್ತಾರೆ. ಮಂಡ್ಯದ ಕಡೆ ಒಂದು ಹಾಲಿನ ಡೈರಿ ಸೆಕ್ರೆಟರಿ ನನಗೆ ನೇರವಾಗಿಯೇ ಹೇಳಿದರು: "ಸ್ಕ್ರೀನು ಚೆನ್ನಾಗದೆ ಸಾ, ಇಲ್ಲ ಅನ್ನಕಿಲ್ಲ. ಆದ್ರೆ ನಮ್ಗೆ ಶೀಟ್ ಕೊಟ್ಬುಡಿ. ಆಡಿಟ್‌ನೋರು ಬಂದ್ರೆ ಸ್ಕ್ರೀನ್ ತೋರ್ಸಕಾಯ್ತದಾ?"

ಅವರ ಮಾತು ಸರಿ. ಅವರ ಕೆಲಸ ನಿಮ್ಮ ಸ್ಕ್ರೀನಿನಲ್ಲಿ ಮುಗಿಯುವುದಿಲ್ಲ. ಬಟವಾಡೆ ಪಟ್ಟಿ ಬ್ಯಾಂಕಿಗೆ ಹೋಗಬೇಕು, ಲೆಕ್ಕ ಆಡಿಟರ್‌ಗೆ ಹೋಗಬೇಕು, ಒಂದು ಪ್ರತಿ ಅಧ್ಯಕ್ಷರ ವಾಟ್ಸಾಪ್‌ಗೂ ಹೋಗಬೇಕು. ನಾವು ಮಾತ್ರ ಡೇಟಾವನ್ನು ಫೈಲಾಗಿ ಇಳಿಸಿಕೊಡುವ ಈ ಎಕ್ಸ್‌ಪೋರ್ಟ್ ಬಟನ್ನನ್ನು ಪ್ರಾಜೆಕ್ಟಿನ ಕೊನೆಯ ದಿನ, ಊಟ ಆದ ಮೇಲೆ ಬರೆಯುತ್ತೇವೆ. ಒಂದು ಲೂಪು, ನಡುವೆ ಕಾಮಾ, ಕೊನೆಗೆ ಹೊಸ ಸಾಲು. ಮುಗಿಯಿತು ಅಲ್ವಾ?

ಮುಗಿಯಲಿಲ್ಲ. ಡೇಟಾಬೇಸಿನಲ್ಲಿ ಇರುವವರೆಗೆ ಯಾವುದು ಸಂಖ್ಯೆ, ಯಾವುದು ತಾರೀಖು, ಯಾವುದು ಬರೀ ಅಕ್ಷರ ಅಂತ ನಿಮಗೆ ಗೊತ್ತಿರುತ್ತದೆ. ಅದನ್ನು ಸಾದಾ ಪಠ್ಯದ ಫೈಲ್ ಮಾಡಿದ ಕೂಡಲೇ ಆ ತಿಳಿವಳಿಕೆ ಫೈಲಿನಿಂದ ಹೊರಟುಹೋಗುತ್ತದೆ. ತೆರೆಯುವ ಸಾಫ್ಟ್‌ವೇರ್ ಊಹೆ ಮಾಡಬೇಕಾಗುತ್ತದೆ. ಆ ಊಹೆ ಬಹಳ ಸಲ ಸರಿಯಾಗೇ ಇರುತ್ತದೆ. ತೊಂದರೆ ಇರುವುದೇ ಅಲ್ಲಿ. ಎಲ್ಲ ಸಾಲೂ ಕೆಟ್ಟರೆ ಯಾರಾದರೂ ಅದೇ ದಿನ ಫೋನ್ ಮಾಡುತ್ತಾರೆ. ನೂರರಲ್ಲಿ ಮೂರು ಸಾಲು ಕೆಟ್ಟರೆ ಯಾರೂ ಮಾಡುವುದಿಲ್ಲ.

ಮೊದಲು ಸಿಎಸ್‌ವಿ ನೋಡೋಣ, ಅಂದರೆ ಮೌಲ್ಯಗಳ ನಡುವೆ ಕಾಮಾ ಹಾಕಿದ ಸಾದಾ ಪಠ್ಯದ ಫೈಲು. ಇದು ಹಳೆಯ ಕಾಲದ್ದು, 1970ರ ದಶಕದಿಂದಲೂ ಬಳಕೆಯಲ್ಲಿದೆ. ಆದರೆ ಹೀಗಿರಬೇಕು ಅಂತ ಯಾರಾದರೂ ಒಂದು ಕಡೆ ಬರೆದಿಟ್ಟದ್ದು 2005ರಲ್ಲಿ, ಆರ್‌ಎಫ್‌ಸಿ 4180 ಎಂಬ ದಾಖಲೆಯಲ್ಲಿ. ನಿಯಮ ಬಹಳ ಇಲ್ಲ. ಮೌಲ್ಯದೊಳಗೆ ಕಾಮಾ, ಹೊಸ ಸಾಲು ಅಥವಾ ಜೋಡಿ ಉದ್ಧರಣ ಚಿಹ್ನೆ ಇದ್ದರೆ ಇಡೀ ಮೌಲ್ಯವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಬೇಕು. ಒಳಗಿನ ಚಿಹ್ನೆಯನ್ನು ಎರಡು ಸಲ ಬರೆಯಬೇಕು. ಅಷ್ಟೇ. ಆದರೂ ಜನ ಕೈಯಲ್ಲಿ ಕಾಮಾ ಜೋಡಿಸುತ್ತಾರೆ. ನಮ್ಮ ಮೈಸೂರಿನ ಯಾವುದೇ ವಿಳಾಸ ತೆಗೆದುಕೊಳ್ಳಿ, ಮನೆ ನಂಬರ್, ಕ್ರಾಸು, ಮೇನು, ಸರಸ್ವತಿಪುರಂ, ನಡುನಡುವೆ ಕಾಮಾ ಇಲ್ಲದೆ ಬರೆಯಲು ಆಗುತ್ತದಾ? ಒಂದು ವಿಳಾಸ ನಾಲ್ಕು ಕಾಲಂಗೆ ಹರಡಿಕೊಂಡು, ಪಿನ್‌ಕೋಡ್ ಹೋಗಿ ಫೋನ್ ನಂಬರಿನ ಜಾಗದಲ್ಲಿ ಕೂರುತ್ತದೆ. ಬಹುತೇಕ ಎಲ್ಲ ಪ್ರೋಗ್ರಾಮಿಂಗ್ ಭಾಷೆಗಳಲ್ಲೂ ಸಿಎಸ್‌ವಿ ಬರೆಯುವ ಲೈಬ್ರರಿ, ಅಂದರೆ ಸಿದ್ಧ ಕೋಡು, ಇದೆ. ಸುಮ್ನೆ ಅದನ್ನು ಬಳಸಿ.

ಲೈಬ್ರರಿ ಬಳಸಿದರೂ ಊಹೆಯ ತೊಂದರೆ ಹೋಗುವುದಿಲ್ಲ. ಕಬ್ಬು ಬೆಳೆಗಾರರ ಪಟ್ಟಿಯ ಒಂದೇ ಒಂದು ಸಾಲನ್ನು ನೋಡೋಣ. ಬೆಳೆಗಾರರ ಸಂಖ್ಯೆ 0047, ಸರ್ವೆ ನಂಬರ್ 12/3, ಪ್ಲಸ್ 91ರಿಂದ ಶುರುವಾಗುವ ಮೊಬೈಲ್ ನಂಬರ್, ಬ್ಯಾಂಕ್ ಖಾತೆ ಸಂಖ್ಯೆ 1234567890123456. ನಮ್ಮಲ್ಲಿ ಕೆಲವು ಬ್ಯಾಂಕುಗಳ ಖಾತೆ ಸಂಖ್ಯೆ ಹದಿನಾರು ಅಂಕಿ ಇರುತ್ತದೆ, ನಿಮಗೆ ಗೊತ್ತು. ಈ ಫೈಲನ್ನು ಎರಡು ಸಲ ಒತ್ತಿ ಎಕ್ಸೆಲ್‌ನಲ್ಲಿ ತೆರೆಯಿರಿ.

0047 ಹೋಗಿ 47 ಆಯಿತು. ಎಕ್ಸೆಲ್ ಅದನ್ನು ಸಂಖ್ಯೆ ಅಂದುಕೊಂಡಿತು. ಉದ್ಧರಣ ಚಿಹ್ನೆಯೊಳಗೆ ಹಾಕಿದ್ದೇನಲ್ಲ ಅಂತೀರಾ? ಪ್ರಯೋಜನ ಇಲ್ಲ. ಆ ಚಿಹ್ನೆ ಕಾಮಾದಿಂದ ಕಾಪಾಡುತ್ತದೆ, ಊಹೆಯಿಂದಲ್ಲ.

ಮೊಬೈಲ್ ನಂಬರಿನ ಪ್ಲಸ್ ಮಾಯವಾಗಿ, ಉಳಿದ ಹನ್ನೆರಡು ಅಂಕಿ ಇ ಅಕ್ಷರ ಇರುವ ವೈಜ್ಞಾನಿಕ ರೂಪಕ್ಕೆ ಹೋಯಿತು. ಹನ್ನೊಂದು ಅಂಕಿ ದಾಟಿದ ಸಂಖ್ಯೆಯನ್ನು ಎಕ್ಸೆಲ್ ತೋರಿಸುವುದೇ ಹಾಗೆ. ಇದು ಬರೀ ತೋರಿಕೆಯ ವಿಷಯ, ಫಾರ್ಮ್ಯಾಟ್ ಬದಲಿಸಿದರೆ ಅಂಕಿಗಳು ವಾಪಸ್ ಬರುತ್ತವೆ.

ಖಾತೆ ಸಂಖ್ಯೆ ಹಾಗಲ್ಲ. ಎಕ್ಸೆಲ್ ಯಾವುದೇ ಸಂಖ್ಯೆಯಲ್ಲಿ ಹದಿನೈದು ಅಂಕಿ ಮಾತ್ರ ಇಟ್ಟುಕೊಳ್ಳುತ್ತದೆ. ಹದಿನಾರನೆಯದು ಸೊನ್ನೆ ಆಗುತ್ತದೆ. 1234567890123456 ಇದ್ದದ್ದು 1234567890123450. ಇದಕ್ಕೆ ವಾಪಸ್ ದಾರಿ ಇಲ್ಲ. ಮೂಲ ಸಂಖ್ಯೆಯ ಕೊನೆಯ ಅಂಕಿಯೇ ಸೊನ್ನೆ ಆಗಿರುವ ರೈತರ ಸಾಲು ಮಾತ್ರ ಸರಿಯಾಗಿ ಉಳಿಯುತ್ತದೆ. ಪರೀಕ್ಷೆ ಮಾಡುವವರ ಕಣ್ಣಿಗೆ ಮೊದಲು ಬಿದ್ದದ್ದು ಆ ಸಾಲೇ ಆದರೆ, ಎಲ್ಲ ಸರಿಯಾಗಿದೆ ಅಂದುಕೊಂಡು ಮುಂದೆ ಹೋಗುತ್ತಾರೆ. ಇನ್ನೊಂದು ಇದೆ. ಅದೇ ಫೈಲನ್ನು ಮತ್ತೆ ಸಿಎಸ್‌ವಿ ಆಗಿ ಉಳಿಸಿದರೆ, ಪರದೆ ಮೇಲೆ ಕಾಣುವ ರೂಪವೇ ಫೈಲಿಗೆ ಹೋಗುತ್ತದೆ. ಅಂದರೆ ಹದಿನೈದು ಅಂಕಿಯೂ ಉಳಿಯುವುದಿಲ್ಲ.

ಈಗ ಸರ್ವೆ ನಂಬರ್. 12/3 ಅಂದರೆ ಹನ್ನೆರಡನೇ ಸರ್ವೆ ನಂಬರಿನ ಮೂರನೇ ಹಿಸ್ಸೆ. ಪಹಣಿ ನೋಡಿದವರಿಗೆಲ್ಲ ಗೊತ್ತು. ಎಕ್ಸೆಲ್‌ಗೆ ಗೊತ್ತಿಲ್ಲ. ಅದಕ್ಕೆ ಅದು ಮಾರ್ಚ್ 12. ಕಂಪ್ಯೂಟರಿನ ಸೆಟ್ಟಿಂಗ್ ಅಮೆರಿಕದ್ದಾದರೆ ಡಿಸೆಂಬರ್ 3. ವರ್ಷ ಯಾವುದು? ಫೈಲ್ ತೆರೆದ ವರ್ಷ. ಪಕ್ಕದ ಸಾಲಿನ 112/2 ತಾರೀಖಾಗಲು ಸಾಧ್ಯವಿಲ್ಲದ್ದರಿಂದ ಹಾಗೇ ಇರುತ್ತದೆ. ಒಂದೇ ಕಾಲಂನಲ್ಲಿ ಅರ್ಧ ಸರ್ವೆ ನಂಬರ್, ಅರ್ಧ ತಾರೀಖು. ಯಾರೋ ನೋಡಿ, ಕಾಲಂ ಆರಿಸಿ, ಟೆಕ್ಸ್ಟ್ ಅಂತ ಬದಲಿಸುತ್ತಾರೆ. 2024ರಲ್ಲಿ ತೆರೆದ ಫೈಲಾಗಿದ್ದರೆ ಆಗ ಕಾಣುವುದು 45363. ಆ ಸರ್ವೆ ನಂಬರಿನ ಜಮೀನು ಯಾವ ಹೋಬಳಿಯಲ್ಲೂ ಇಲ್ಲ.

ಇದು ನಮ್ಮ ಕಬ್ಬಿನ ಪಟ್ಟಿಯ ಗೋಳು ಮಾತ್ರ ಅಂದುಕೊಳ್ಳಬೇಡಿ. ಮನುಷ್ಯರ ಜೀನುಗಳಿಗೆ ಅಧಿಕೃತ ಹೆಸರಿಡುವ ಒಂದು ಸಮಿತಿ ಇದೆ. ಕೆಲವು ಜೀನುಗಳ ಹೆಸರು ಮಾರ್ಚ್1, ಸೆಪ್ಟ್2 ಅಂತ ಇತ್ತು. ವಿಜ್ಞಾನಿಗಳ ಶೀಟುಗಳಲ್ಲಿ ಅವು ತಾರೀಖಾಗುತ್ತಲೇ ಇದ್ದವು. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಜೀನುಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಕೊಟ್ಟಿದ್ದ ಸಂಶೋಧನಾ ಲೇಖನಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಇಂಥ ತಪ್ಪು ಇದೆ ಅಂತ ತೋರಿಸಿತು. ಕೊನೆಗೆ 2020ರಲ್ಲಿ ಆ ಸಮಿತಿ ಜೀನುಗಳ ಹೆಸರನ್ನೇ ಬದಲಿಸಿತು. ಈ ಊಹೆಗಳನ್ನು ನಿಲ್ಲಿಸುವ ಆಯ್ಕೆಯನ್ನು ಮೈಕ್ರೋಸಾಫ್ಟ್ ಕೊಟ್ಟಿದ್ದು 2023ರಲ್ಲಿ. ನಿಮ್ಮ ಬಳಕೆದಾರರು ಆ ಸೆಟ್ಟಿಂಗ್ ಹುಡುಕಿ ಬದಲಿಸುತ್ತಾರೆ ಅಂತ ನಂಬಿ ಕೂರಬೇಡಿ.

ಈಗ ನಮಗೆ ತುಂಬಾ ಹತ್ತಿರದ ವಿಷಯ, ಕನ್ನಡ. ಸಿಎಸ್‌ವಿ ಫೈಲಿನಲ್ಲಿ ಕನ್ನಡ ಹೆಸರುಗಳಿದ್ದರೆ ವಿಂಡೋಸ್‌ನ ಎಕ್ಸೆಲ್‌ನಲ್ಲಿ ಕಸ ಕಾಣುತ್ತದೆ, ನೋಡಿದ್ದೀರಲ್ಲ? ಯೂನಿಕೋಡ್ ಅಂದರೆ ಎಲ್ಲ ಭಾಷೆಗಳ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಟ್ಟ ಪಟ್ಟಿ, ಯುಟಿಎಫ್-8 ಅಂದರೆ ಆ ಸಂಖ್ಯೆಯನ್ನು ಫೈಲಿನಲ್ಲಿ ಬೈಟುಗಳಾಗಿ ಬರೆಯುವ ರೀತಿ. ಕನ್ನಡದ ಪ್ರತಿ ಯೂನಿಕೋಡ್ ಚಿಹ್ನೆಗೆ ಯುಟಿಎಫ್-8ರಲ್ಲಿ ಮೂರು ಬೈಟ್ ಬೇಕು. ಫೈಲು ಯುಟಿಎಫ್-8 ಅಂತ ಎಕ್ಸೆಲ್‌ಗೆ ಯಾರೂ ಹೇಳದಿದ್ದರೆ, ಅದು ಒಂದೊಂದು ಬೈಟನ್ನೂ ಒಂದೊಂದು ಅಕ್ಷರ ಅಂತ ಓದುತ್ತದೆ. ಕ ಅನ್ನುವ ಒಂದು ಅಕ್ಷರ ಮೂರಾಗಿ ಒಡೆಯುತ್ತದೆ. ಮೊದಲನೆಯದು ತಲೆ ಮೇಲೆ ಓರೆ ಗೆರೆ ಇರುವ ಸಣ್ಣ ರೋಮನ್ ಎ. ಎರಡನೆಯದು ವರ್ಗಕ್ಕೆ ಹಾಕುತ್ತೇವಲ್ಲ, ಆ ಪುಟ್ಟ ಎರಡು. ಮೂರನೆಯದು ಒಂದು ದಪ್ಪ ಚುಕ್ಕಿ. ಕನ್ನಡದ ಇಡೀ ಯೂನಿಕೋಡ್ ಪಟ್ಟಿಯಲ್ಲಿ ಮೊದಲ ಬೈಟ್ ಯಾವಾಗಲೂ ಒಂದೇ, ಎರಡನೆಯದಕ್ಕೆ ಎರಡೇ ಸಾಧ್ಯತೆ. ಅದಕ್ಕೇ ಆ ಕಸದಲ್ಲಿ ಪುಟ್ಟ ಎರಡು, ಪುಟ್ಟ ಮೂರು ಮತ್ತೆ ಮತ್ತೆ ಬರುತ್ತವೆ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. ನಮ್ಮ ಕಚೇರಿಗಳಲ್ಲಿ ಇನ್ನೊಂದು ಬಗೆಯ ಕಸವೂ ಸಿಗುತ್ತದೆ. ಹಳೆಯ ನುಡಿ ಅಥವಾ ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಡೇಟಾ. ಅಲ್ಲಿ ಒಳಗಿರುವುದು ರೋಮನ್ ಅಕ್ಷರಗಳೇ, ಫಾಂಟು ಅವನ್ನು ಕನ್ನಡವಾಗಿ ತೋರಿಸುತ್ತದೆ ಅಷ್ಟೇ. ಫಾಂಟ್ ಇಲ್ಲದ ಕಡೆ ಅದೂ ಕಸವೇ. ಬಳಕೆದಾರರು ಎರಡಕ್ಕೂ ಒಂದೇ ಮಾತು ಹೇಳುತ್ತಾರೆ, "ಕನ್ನಡ ಬರ್ತಿಲ್ಲ". ಸ್ಕ್ರೀನ್‌ಶಾಟ್ ಕಳಿಸಿ ಅನ್ನಿ. ಪುಟ್ಟ ಎರಡು, ಮೂರು ಎಲ್ಲ ಕಡೆ ಇದ್ದರೆ ಫೈಲು ಕೆಟ್ಟಿಲ್ಲ, ಓದುವ ರೀತಿ ತಪ್ಪಿದೆ. ಹಾಗಿಲ್ಲದೆ ಸಾದಾ ಇಂಗ್ಲಿಷ್ ಅಕ್ಷರಗಳೂ ಸೇರಿಕೊಂಡಿದ್ದರೆ ನುಡಿಯ ಹಳೆಯ ಫಾಂಟಿನದ್ದಿರಬಹುದು. ಅದನ್ನು ಎಕ್ಸ್‌ಪೋರ್ಟ್ ಮಾಡುವಾಗ ಸರಿ ಮಾಡಲು ಹೋಗಬೇಡಿ. ಡೇಟಾ ಒಳಗೆ ಬರುವ ಬಾಗಿಲಲ್ಲೇ ಯೂನಿಕೋಡ್‌ಗೆ ಬದಲಿಸಬೇಕು.

ಮೊದಲ ಬಗೆಯ ಕಸಕ್ಕೆ ಮದ್ದು ಸುಲಭ. ಫೈಲಿನ ಶುರುವಿನಲ್ಲಿ ಮೂರು ಬೈಟಿನ ಒಂದು ಗುರುತು ಹಾಕಬೇಕು, ಬಾಮ್ ಅನ್ನುತ್ತಾರೆ. ಅದನ್ನು ಕಂಡರೆ ಎಕ್ಸೆಲ್ ಯುಟಿಎಫ್-8 ಅಂತ ತಿಳಿದುಕೊಳ್ಳುತ್ತದೆ. ಪೈಥಾನ್‌ನಲ್ಲಿ ಎನ್‌ಕೋಡಿಂಗ್ ಹೆಸರಿನ ಕೊನೆಗೆ ಸಿಗ್ ಅಂತ ಸೇರಿಸಿದರೆ ಅದೇ ಹಾಕಿಕೊಡುತ್ತದೆ. ಆದರೆ ಅದೇ ಫೈಲನ್ನು ಇನ್ನೊಂದು ಪ್ರೋಗ್ರಾಂ ಓದಿದಾಗ ಮೊದಲ ಕಾಲಂನ ಹೆಸರಿಗೆ ಈ ಕಾಣದ ಗುರುತು ಅಂಟಿಕೊಳ್ಳಬಹುದು. ಹೆಸರು ಕಣ್ಣಿಗೆ ಸರಿಯಾಗಿದೆ, ಕೋಡು ಮಾತ್ರ ಕಾಲಂ ಸಿಗಲಿಲ್ಲ ಅನ್ನುತ್ತದೆ. ತಲೆ ಕೆಟ್ಟುಹೋಗುವ ಬಗೆಯ ತಪ್ಪು ಇದು.

ಇಷ್ಟೆಲ್ಲ ಪಾಡು ಯಾಕೆ? ಮನುಷ್ಯರು ತೆರೆಯುವ ಫೈಲಾದರೆ ಎಕ್ಸೆಲ್‌ನದೇ ಫಾರ್ಮ್ಯಾಟ್ ಆದ ಎಕ್ಸ್‌ಎಲ್‌ಎಸ್‌ಎಕ್ಸ್ ಕೊಡಿ. ಅದೊಂದು ಜಿಪ್ ಫೈಲು. ಫೈಲಿನ ಹೆಸರಿನಲ್ಲಿ ಚುಕ್ಕಿಯ ನಂತರದ ಭಾಗವನ್ನು ಜಿಪ್ ಅಂತ ಬದಲಿಸಿ ಬಿಚ್ಚಿ ನೋಡಿ, ಒಳಗೆ ಎಕ್ಸ್‌ಎಂಎಲ್ ಕಡತಗಳು, ಅಂದರೆ ಟ್ಯಾಗ್ ಹಾಕಿದ ಪಠ್ಯದ ಕಡತಗಳಿರುತ್ತವೆ. ಶೀಟಿಗೊಂದು, ಸ್ಟೈಲುಗಳಿಗೊಂದು, ಪಠ್ಯಗಳಿಗೆ ಸಾಮಾನ್ಯವಾಗಿ ಇನ್ನೊಂದು. ಈ ಫಾರ್ಮ್ಯಾಟ್ 2006ರಲ್ಲಿ ಎಕ್ಮಾ ಮಾನದಂಡ ಆಯಿತು, 2008ರಲ್ಲಿ ಐಎಸ್‌ಒ ಮಾನದಂಡ. ಮನೆಗೆ ಹೋಗಿ ಒಂದನ್ನಾದರೂ ಬಿಚ್ಚಿ ನೋಡಿ. ಪ್ರತಿ ಚೌಕಕ್ಕೂ ಇದು ಪಠ್ಯ, ಇದು ಸಂಖ್ಯೆ ಅಂತ ಬರೆದಿರುತ್ತದೆ. ನಾನು ಆಗಲೇ ಹೇಳಿದ ತಿಳಿವಳಿಕೆ ಇಲ್ಲಿ ಫೈಲಿನ ಜೊತೆಗೇ ಹೋಗುತ್ತದೆ. 0047 ಪಠ್ಯ ಅಂತ ನೀವು ಬರೆದರೆ ಅದು 0047 ಆಗಿಯೇ ಇರುತ್ತದೆ.

ಬರೆದರೆ ಮಾತ್ರ. ಡೇಟಾಬೇಸಿನಲ್ಲೇ ಖಾತೆ ಸಂಖ್ಯೆಯನ್ನು ಪೂರ್ಣಾಂಕ ಅಂತ ಇಟ್ಟಿದ್ದರೆ ಎಕ್ಸ್‌ಎಲ್‌ಎಸ್‌ಎಕ್ಸ್ ಕೂಡ ಏನೂ ಮಾಡಲಾರದು. ಕೂಡುವ, ಕಳೆಯುವ ಕೆಲಸ ಇಲ್ಲದ ಅಂಕಿಗಳೆಲ್ಲ ಪಠ್ಯ ಅಂತ ಲೆಕ್ಕ ಇಟ್ಟುಕೊಳ್ಳಿ. ದುಡ್ಡು, ತೂಕ, ಫ್ಯಾಟು ಸಂಖ್ಯೆ. ಖಾತೆ, ಫೋನು, ಆಧಾರ್, ಪಿನ್‌ಕೋಡ್ ಪಠ್ಯ.

ಇದರ ಉಲ್ಟಾ ತಪ್ಪೂ ಇದೆ. ಸ್ಕ್ರೀನಿಗೆ ಅಂತ ರೂಪಾಯಿ ಚಿಹ್ನೆ, ಲಕ್ಷದ ಕಾಮಾ ಹಾಕಿ ಚೆಂದ ಮಾಡಿದ ಪಠ್ಯವನ್ನೇ ಶೀಟಿಗೂ ತುಂಬುವುದು. ಸೆಕ್ರೆಟರಿ ಕೊನೆಯಲ್ಲಿ ಸಮ್ ಹಾಕುತ್ತಾರೆ, ಸೊನ್ನೆ ಬರುತ್ತದೆ. ಸಂಖ್ಯೆಯನ್ನು ಸಂಖ್ಯೆಯಾಗಿ ಬರೆದು, ಕಾಮಾವನ್ನು ಫಾರ್ಮ್ಯಾಟ್‌ಗೆ ಬಿಡಿ. ವಿಂಡೋಸ್ ಭಾರತದ ಸೆಟ್ಟಿಂಗ್‌ನಲ್ಲಿದ್ದರೆ ಲಕ್ಷ, ಕೋಟಿಯ ಕಾಮಾ ತಾನಾಗಿ ಬರುತ್ತದೆ.

ತಾರೀಖಿನ ಕಥೆ ಸ್ವಲ್ಪ ಉದ್ದ. ಎಕ್ಸೆಲ್‌ನೊಳಗೆ ತಾರೀಖು ಅಂದರೆ ಒಂದು ಸಂಖ್ಯೆ. 1900ರ ಜನವರಿ 1ಕ್ಕೆ ಒಂದು, ಅಲ್ಲಿಂದ ದಿನಕ್ಕೊಂದು. ಅದರಲ್ಲಿ 1900ರ ಫೆಬ್ರವರಿ 29 ಅನ್ನುವ ದಿನವೂ ಇದೆ, ಅರವತ್ತನೆಯದು. ಹಾಗೊಂದು ದಿನ ಇರಲೇ ಇಲ್ಲ! 1900 ಅಧಿಕ ವರ್ಷ ಅಲ್ಲ. ಎಕ್ಸೆಲ್‌ಗಿಂತ ಮೊದಲಿದ್ದ ಲೋಟಸ್ 1-2-3 ಎಂಬ ಸ್ಪ್ರೆಡ್‌ಶೀಟ್ ಸಾಫ್ಟ್‌ವೇರಿನಲ್ಲಿ ಆ ತಪ್ಪು ಇತ್ತು. ಅದರ ಫೈಲುಗಳ ಜೊತೆ ಹೊಂದಿಕೊಳ್ಳಲಿ ಅಂತ ತಪ್ಪನ್ನೂ ಹಾಗೇ ಉಳಿಸಿಕೊಂಡರು, ಇವತ್ತಿಗೂ ಇದೆ. ಇರಲಿ, ನಮ್ಮ ಕೆಲಸಕ್ಕೆ ಬೇಕಾದ್ದು ಇಷ್ಟು: ತಾರೀಖನ್ನು ಪಠ್ಯವಾಗಿ ಬರೆಯಬೇಡಿ, ಲೈಬ್ರರಿಯ ತಾರೀಖಿನ ಬಗೆಯಲ್ಲೇ ಕೊಟ್ಟು ಫಾರ್ಮ್ಯಾಟ್ ಹಾಕಿ. 03/04 ಮಾರ್ಚ್ ನಾಲ್ಕೋ ಏಪ್ರಿಲ್ ಮೂರೋ ಅನ್ನುವ ಜಗಳ ಅಲ್ಲಿಗೆ ಮುಗಿಯುತ್ತದೆ. ತಿಂಗಳನ್ನು ಅಕ್ಷರದಲ್ಲಿ ತೋರಿಸಿದರೆ ಇನ್ನೂ ಒಳ್ಳೆಯದು.

ಇನ್ನೊಂದು ಜಗಳ ಸಮಯದ್ದು. ನಿಮ್ಮ ಸರ್ವರ್ ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಅಂತರರಾಷ್ಟ್ರೀಯ ಪ್ರಮಾಣ ಸಮಯದಲ್ಲಿ, ಸಮಯ ಇಡುತ್ತದೆ, ಇಡಬೇಕಾದ್ದೂ ಹಾಗೆಯೇ. ಸ್ಕ್ರೀನಿನಲ್ಲಿ ಬ್ರೌಸರ್ ಅದನ್ನು ನಮ್ಮ ಸಮಯಕ್ಕೆ ಬದಲಿಸಿ ತೋರಿಸುತ್ತದೆ. ಎಕ್ಸ್‌ಪೋರ್ಟ್ ಮಾತ್ರ ಸರ್ವರಿನಲ್ಲಿ ತಯಾರಾಗುತ್ತದೆ, ಅಲ್ಲಿ ಬ್ರೌಸರ್ ಇಲ್ಲ. ಬೆಳಗಿನ ಜಾವ ಐದೂಕಾಲಿಗೆ ಒಬ್ಬರು ಡೈರಿಗೆ ಹಾಲು ಹಾಕುತ್ತಾರೆ ಅಂದುಕೊಳ್ಳಿ. ಐದೂವರೆ ಗಂಟೆ ಕಳೆದರೆ ಅದು ಹಿಂದಿನ ದಿನದ ರಾತ್ರಿ 11.45. ಶೀಟಿನಲ್ಲಿ ಅವರ ಹಾಲು ನಿನ್ನೆಯ ಲೆಕ್ಕಕ್ಕೆ ಸೇರಿತು. ಹದಿನೈದು ನಿಮಿಷ ತಡವಾಗಿ ಬಂದವರದ್ದು ಇವತ್ತಿನ ಲೆಕ್ಕಕ್ಕೆ. ಬಟವಾಡೆಯ ಕೊನೆಯ ದಿನ ಹೀಗಾದರೆ ಡೈರಿ ಮುಂದೆ ಗಲಾಟೆ ಗ್ಯಾರಂಟಿ. ಬರೆಯುವ ಮೊದಲೇ ಭಾರತದ ಸಮಯಕ್ಕೆ ಬದಲಿಸಿ.

ಚೆಂದದ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರ. ಮೇಲೆ ಸಂಘದ ಹೆಸರು, ಹತ್ತು ಚೌಕ ಸೇರಿಸಿ ಮರ್ಜ್ ಮಾಡಿದ ಶೀರ್ಷಿಕೆ, ಕೆಳಗೆ ಸಹಿಗೆ ಜಾಗ, ಇವೆಲ್ಲ ಬೇಕು ಅಂತ ಕೇಳುತ್ತಾರೆ. ಮರ್ಜ್ ಮಾಡಿದ ಶೀಟನ್ನು ಸಾರ್ಟ್ ಮಾಡಲು ಹೋದರೆ ಎಕ್ಸೆಲ್ ತಕರಾರು ತೆಗೆಯುತ್ತದೆ, ಡೇಟಾವನ್ನು ಗುಂಪು ಮಾಡಿ ಮೊತ್ತ ತೋರಿಸುವ ಪಿವಟ್ ಅಂತೂ ಬಿಡಿ. ಸಹಿ ಹಾಕುವ ಪ್ರತಿ ಬೇಕಿದ್ದರೆ ಪಿಡಿಎಫ್ ಕೊಡಿ. ಶೀಟಿನಲ್ಲಿ ಮೊದಲ ಸಾಲು ಕಾಲಂಗಳ ಹೆಸರು, ಎರಡನೇ ಸಾಲಿನಿಂದ ಡೇಟಾ. ಮೊದಲ ಸಾಲನ್ನು ಫ್ರೀಜ್ ಮಾಡಿ, ಕಾಲಂ ಅಗಲ ಸರಿ ಮಾಡಿ. ಸಾಕು.

ಮೊತ್ತದ ಸಾಲಿಗೆ ಫಾರ್ಮುಲಾ ಹಾಕುವವರು ಒಂದು ಗಮನಿಸಿ. ಬಹಳ ಲೈಬ್ರರಿಗಳು ಫಾರ್ಮುಲಾ ಬರೆಯುತ್ತವೆಯೇ ಹೊರತು ಉತ್ತರ ಲೆಕ್ಕ ಹಾಕುವುದಿಲ್ಲ. ಎಕ್ಸೆಲ್ ತೆರೆದಾಗ ಅದು ಲೆಕ್ಕ ಹಾಕಿಕೊಳ್ಳುತ್ತದೆ. ಅಧ್ಯಕ್ಷರು ಫೈಲನ್ನು ಫೋನಿನಲ್ಲಿ ಪ್ರಿವ್ಯೂ ನೋಡಿದರೆ ಅಲ್ಲಿ ಖಾಲಿಯೋ ಸೊನ್ನೆಯೋ ಕಾಣಬಹುದು. "ಏನ್ರೀ, ಒಟ್ಟು ಬಟವಾಡೆ ಸೊನ್ನೆನಾ?"

ಫಾರ್ಮುಲಾ ಅಂದ ಮೇಲೆ ಸುರಕ್ಷತೆಯ ಮಾತೂ ಬರಬೇಕು. ನಿಮ್ಮ ಫಾರ್ಮಿನಲ್ಲಿ ಯಾರು ಬೇಕಾದರೂ ದೂರು ಬರೆಯಬಹುದು ಅಂತಿಟ್ಟುಕೊಳ್ಳಿ. ಒಬ್ಬ ತುಂಟ = ಚಿಹ್ನೆಯಿಂದ ಶುರು ಮಾಡಿ ಒಂದು ಫಾರ್ಮುಲಾ ಬರೆಯುತ್ತಾನೆ. ಪಕ್ಕದ ಚೌಕಗಳ ಡೇಟಾವನ್ನು ಲಿಂಕಿಗೆ ಸೇರಿಸಿ, "ವಿವರಕ್ಕೆ ಇಲ್ಲಿ ಒತ್ತಿ" ಅಂತ ತೋರಿಸುವಂಥದ್ದು. ಅಧಿಕಾರಿ ಶೀಟ್ ತೆರೆದು ಒತ್ತಿದರೆ ಡೇಟಾ ಹೊರಗೆ. =, +, -, @ ಇವುಗಳಿಂದ ಶುರುವಾಗುವ ಪಠ್ಯವನ್ನೆಲ್ಲ ಅನುಮಾನದಿಂದ ನೋಡಿ. ಸಿಎಸ್‌ವಿಯಲ್ಲಾದರೆ ಅಂಥ ಪಠ್ಯದ ಮುಂದೆ ಒಂದು ಒಂಟಿ ಉದ್ಧರಣ ಚಿಹ್ನೆ ಹಾಕುವುದು ರೂಢಿ. ಸಂಖ್ಯೆಗಳ ಕಾಲಂಗೆ ಮಾತ್ರ ಹಾಕಬೇಡಿ, ಮೈನಸ್ 250 ಅನ್ನುವ ಬಾಕಿಯೂ ಪಠ್ಯ ಆಗಿಬಿಡುತ್ತದೆ. ಎಕ್ಸ್‌ಎಲ್‌ಎಸ್‌ಎಕ್ಸ್ ಬಳಸಿದ್ದೇವೆ, ಭಯ ಇಲ್ಲ ಅಂದುಕೊಳ್ಳಬೇಡಿ. ಪೈಥಾನ್‌ನ ಓಪನ್‌ಪೈಎಕ್ಸೆಲ್ ಲೈಬ್ರರಿಗೆ = ಇಂದ ಶುರುವಾಗುವ ಪಠ್ಯ ಕೊಟ್ಟರೆ ಅದು ತಾನೇ ಫಾರ್ಮುಲಾ ಅಂದುಕೊಳ್ಳುತ್ತದೆ. ಇದು ಪಠ್ಯವೇ ಅಂತ ನೀವು ಬಾಯಿ ಬಿಟ್ಟು ಹೇಳಬೇಕು.

ಯಾರು ಏನನ್ನು ಇಳಿಸಿಕೊಳ್ಳಬಹುದು ಅನ್ನುವುದೂ ಇಲ್ಲೇ ಬರುತ್ತದೆ. ಸ್ಕ್ರೀನಿನಲ್ಲಿ ಆಧಾರ್‌ನ ಕೊನೆಯ ನಾಲ್ಕು ಅಂಕಿ ಮಾತ್ರ ತೋರಿಸಿ, ಎಕ್ಸ್‌ಪೋರ್ಟ್‌ನಲ್ಲಿ ಪೂರ್ತಿ ಹನ್ನೆರಡೂ ಕೊಡುವ ಅಪ್ಲಿಕೇಶನ್‌ಗಳನ್ನು ನಾನು ಕಂಡಿದ್ದೇನೆ. ಸ್ಕ್ರೀನಿನ ಕೋಡು ಒಬ್ಬರದು, ಎಕ್ಸ್‌ಪೋರ್ಟ್ ಕೋಡು ಇನ್ನೊಬ್ಬರದು, ಅದಕ್ಕೇ ಹೀಗೆ. ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂದಿದೆ. ಕಾಯ್ದೆ ಇಲ್ಲದಿದ್ದರೂ ವಾಟ್ಸಾಪ್ ಗುಂಪಿಗೆ ಹೋದ ಶೀಟನ್ನು ವಾಪಸ್ ತರಲು ಆಗುವುದಿಲ್ಲ. ಯಾರು, ಯಾವಾಗ, ಏನನ್ನು ಇಳಿಸಿಕೊಂಡರು ಅಂತ ಲಾಗ್ ಇಡಿ.

ಇನ್ನು ಗಾತ್ರ. ಹಳೆಯ ಎಕ್ಸ್‌ಎಲ್‌ಎಸ್ ಫಾರ್ಮ್ಯಾಟಿನಲ್ಲಿ ಒಂದು ಶೀಟಿಗೆ 65,536 ಸಾಲು. ಈಗಿನದರಲ್ಲಿ 10,48,576. ಕೋವಿಡ್ ಕಾಲದಲ್ಲಿ, 2020ರ ಸೆಪ್ಟೆಂಬರ್ ಕೊನೆಯಲ್ಲಿ, ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯಲ್ಲಿ ಲ್ಯಾಬಿನ ಫಲಿತಾಂಶಗಳನ್ನು ಹಳೆಯ ಎಕ್ಸ್‌ಎಲ್‌ಎಸ್‌ಗೆ ತುಂಬುತ್ತಿದ್ದರು. ಮಿತಿ ಮುಟ್ಟಿತು. ಮುಂದಿನ ಸಾಲುಗಳು ಸದ್ದಿಲ್ಲದೆ ಬಿದ್ದುಹೋದವು. ಲೆಕ್ಕದಿಂದ ತಪ್ಪಿದ ಪ್ರಕರಣಗಳು 15,841. ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸವೂ ತಡವಾಯಿತು. ಮಿತಿ ದಾಟುವ ಎಕ್ಸ್‌ಪೋರ್ಟ್ ಆದರೆ ಇನ್ನೊಂದು ಶೀಟಿಗೆ ಹೋಗಲಿ ಅಥವಾ ಆಗುವುದಿಲ್ಲ ಅಂತ ಜೋರಾಗಿ ಹೇಳಲಿ. ಅರ್ಧ ಫೈಲ್ ಮಾತ್ರ ಬೇಡ.

ಮಿತಿಗಿಂತ ಮುಂಚೆ ನಿಮ್ಮ ಸರ್ವರಿನ ಮೆಮೊರಿ ಮುಗಿಯುತ್ತದೆ. ಪಿಎಚ್‌ಪಿ ಭಾಷೆಯ ಪಿಎಚ್‌ಪಿಸ್ಪ್ರೆಡ್‌ಶೀಟ್ ಲೈಬ್ರರಿ ಒಂದು ಚೌಕಕ್ಕೆ ಸುಮಾರು ಒಂದು ಕಿಲೋಬೈಟ್ ಮೆಮೊರಿ ತಿನ್ನುತ್ತದೆ ಅಂತ ಅದರ ದಾಖಲೆಯೇ ಹೇಳುತ್ತದೆ. ಒಂದು ಲಕ್ಷ ಸಾಲು, ಇಪ್ಪತ್ತು ಕಾಲಂ ಅಂದರೆ ಎರಡು ಜಿಬಿ. ಆಲೆಮನೆಯಲ್ಲಿ ಇಡೀ ಗದ್ದೆಯ ಕಬ್ಬನ್ನು ಒಟ್ಟಿಗೆ ಗಾಣಕ್ಕೆ ತುರುಕುವುದಿಲ್ಲ, ಜಲ್ಲೆ ಜಲ್ಲೆ ಕೊಡುತ್ತಾರೆ, ರಸ ಇಳಿಯುತ್ತಲೇ ಇರುತ್ತದೆ. ಸಾಲುಗಳನ್ನೂ ಹಾಗೆ ಬರೆಯಬೇಕು. ಓಪನ್‌ಪೈಎಕ್ಸೆಲ್‌ನಲ್ಲಿ ಬರೀ ಬರೆಯುವ ಮೋಡ್ ಇದೆ. ಜಾವಾದ ಅಪಾಚೆ ಪಿಒಐ ಲೈಬ್ರರಿಯಲ್ಲಿ ಎಸ್‌ಎಕ್ಸ್‌ಎಸ್‌ಎಸ್‌ಎಫ್ ಎಂಬ ಭಾಗ ಇದೆ, ಅದು ಸಾಮಾನ್ಯವಾಗಿ ನೂರು ಸಾಲು ಮಾತ್ರ ಮೆಮೊರಿಯಲ್ಲಿ ಇಟ್ಟುಕೊಂಡು ಉಳಿದದ್ದನ್ನು ಡಿಸ್ಕಿಗೆ ಸಾಗಿಸುತ್ತದೆ. ಡೇಟಾಬೇಸಿನಿಂದ ಓದುವುದೂ ಹೀಗೇ ತುಂಡು ತುಂಡಾಗಿ ಇರಬೇಕು, ಇಲ್ಲದಿದ್ದರೆ ಒಂದು ಕಡೆ ಉಳಿಸಿ ಇನ್ನೊಂದು ಕಡೆ ಕಳೆದಂತೆ.

ಸಮಯದ ಮಿತಿಯೂ ಇದೆ. ಬ್ರೌಸರಿಗೂ ನಿಮ್ಮ ಅಪ್ಲಿಕೇಶನ್‌ಗೂ ನಡುವೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಇದ್ದರೆ, ಅಪ್ಲಿಕೇಶನ್‌ನಿಂದ ಅರವತ್ತು ಸೆಕೆಂಡು ಏನೂ ಬರದಿದ್ದಾಗ ಅದು ಸಂಪರ್ಕ ಕಡಿಯುತ್ತದೆ, ನೀವು ಬದಲಿಸದ ಹೊರತು. ಬಳಕೆದಾರರು ಮತ್ತೆ ಒತ್ತುತ್ತಾರೆ. ಸರ್ವರಿನಲ್ಲಿ ಹಳೆಯ ಕೆಲಸ ಇನ್ನೂ ನಡೆಯುತ್ತಿರುತ್ತದೆ, ಜೊತೆಗೆ ಇನ್ನೊಂದು ಶುರು. ದೊಡ್ಡ ಫೈಲುಗಳನ್ನು ಹಿನ್ನೆಲೆಯ ಕ್ಯೂಗೆ ಕಳಿಸಿ, ತಯಾರಾದ ಮೇಲೆ ಲಿಂಕ್ ಕೊಡಿ, ಲಿಂಕಿಗೆ ಅವಧಿ ಇಡಿ.

ಫೈಲಿನ ಹೆಸರು ಕನ್ನಡದಲ್ಲೂ ಇರಬಹುದು. ಫೈಲಿನ ಜೊತೆ ಸರ್ವರ್ ಬ್ರೌಸರಿಗೆ ಕಳಿಸುವ ಕಂಟೆಂಟ್-ಡಿಸ್ಪೊಸಿಷನ್ ಹೆಡರಿನಲ್ಲಿ ಫೈಲ್‌ನೇಮ್ ಅನ್ನುವುದರ ಜೊತೆಗೆ ನಕ್ಷತ್ರ ಚಿಹ್ನೆಯ ಫೈಲ್‌ನೇಮ್ ಅಂತ ಇನ್ನೊಂದು ಇದೆ, 2011ರ ಆರ್‌ಎಫ್‌ಸಿ 6266 ಅದನ್ನು ವಿವರಿಸುತ್ತದೆ. ಯುಟಿಎಫ್-8 ಹೆಸರು ಅದರಲ್ಲಿ, ಸಾದಾ ರೋಮನ್ ಹೆಸರು ಮೊದಲನೆಯದರಲ್ಲಿ. ಬರೀ ರಿಪೋರ್ಟ್ ಅಂತ ಹೆಸರಿಟ್ಟರೆ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ರಿಪೋರ್ಟ್ (1)ರಿಂದ (14)ರವರೆಗೆ ಸಾಲಾಗಿ ಕೂರುತ್ತವೆ. ಊರು, ಅವಧಿ, ತಾರೀಖು ಹೆಸರಿನಲ್ಲೇ ಇರಲಿ.

ಹಾಗೇ ಇನ್ನೊಂದು. ಬಳಕೆದಾರರು ಮದ್ದೂರು ತಾಲ್ಲೂಕು ಅಂತ ಫಿಲ್ಟರ್ ಹಾಕಿ ಬಟನ್ ಒತ್ತಿದರೆ ಅವರಿಗೆ ಬೇಕಾದ್ದು ಮದ್ದೂರಿನದ್ದು, ಅದೂ ಪೂರ್ತಿ. ಇಡೀ ಜಿಲ್ಲೆಯದ್ದಲ್ಲ, ಸ್ಕ್ರೀನಿನಲ್ಲಿ ಕಾಣುವ ಇಪ್ಪತ್ತೈದು ಸಾಲೂ ಅಲ್ಲ.

ಕೊನೆಯಲ್ಲಿ ಒಬ್ಬರು ಕೇಳಿದರು, ಹಾಗಾದರೆ ಸಿಎಸ್‌ವಿ ತೆಗೆದೇ ಹಾಕೋಣವಾ ಅಂತ. ಬೇಡ. ಒಂದು ಪ್ರೋಗ್ರಾಂ ಇನ್ನೊಂದಕ್ಕೆ ಡೇಟಾ ಕೊಡುವಾಗ ಅದೇ ಹಗುರ, ಓದುವ ಕಡೆ ಪ್ರತಿ ಕಾಲಂನ ಬಗೆ ಮೊದಲೇ ಗೊತ್ತಿರುತ್ತದೆ. ಎರಡೂ ಬಟನ್ ಇಡಿ. ಆದರೆ ಬಟನ್ ಮೇಲೆ ಫಾರ್ಮ್ಯಾಟಿನ ಹೆಸರು ಮಾತ್ರ ಬರೆದರೆ ಜನ ಯಾವುದೋ ಒಂದನ್ನು ಒತ್ತುತ್ತಾರೆ. ಒಂದರ ಮೇಲೆ "ಎಕ್ಸೆಲ್‌ನಲ್ಲಿ ನೋಡಲು" ಅಂತ ಬರೆಯಿರಿ, ಇನ್ನೊಂದರ ಮೇಲೆ "ಬೇರೆ ಸಾಫ್ಟ್‌ವೇರ್‌ಗೆ ಹಾಕಲು" ಅಂತ. ಎರಡನೆಯದನ್ನು ಸ್ವಲ್ಪ ಚಿಕ್ಕದಾಗಿ ಇಡಿ.